ಹತ್ತು ಇಪ್ಪತ್ತರ ಸರದಿ

ಗುಡ್ಡದ ಬುಡದ ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಟಿಕೆಟ್ ಕೌಂಟರಿನವನಿಂದ ಹಿಡಿದು ನೀರಿನ ಬಾಟಲಿ ಮಾರುವವಳ ತನಕ ಎಲ್ಲರಿಗೂ ಅವಳು ಛತ್ರಿಯಕ್ಕ. ಬಿಸಿಲಿರಲಿ, ಮೋಡವಿರಲಿ, ಮಡಚಿದ ಹಸಿರು ಛತ್ರಿಯೊಂದನ್ನು ತಲೆಗಿಂತ ಒಂದು ಮೊಳ ಮೇಲೆ ಎತ್ತಿ ಹಿಡಿದು ಅವಳು ಮುಂದೆ ನಡೆದರೆ, ಪ್ರವಾಸಿಗರು ಬಾತುಕೋಳಿ ಮರಿಗಳ ಹಾಗೆ ಸಾಲು ಹಿಡಿದು ಹಿಂದೆ ಬರುತ್ತಿದ್ದರು. ಇಪ್ಪತ್ತಮೂರು ವರ್ಷ ಹೀಗೇ ನಡೆದಿದ್ದಳು. "ಇವಳು ಛತ್ರಿ ಬಿಚ್ಚಿದ್ದನ್ನ ಕಟ್ಟಿಕೊಂಡ ನಾನೇ ನೋಡಿಲ್ಲ," ಎಂದು ಅವಳ ಗಂಡ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಅವನು ಬಸ್ ಡ್ರೈವರ್ ಆಗಿ ನಿವೃತ್ತನಾದವನು. ಮಕ್ಕಳಿರಲಿಲ್ಲ. ಎರಡು ಕೋಣೆಯ ಮನೆ, ಇಬ್ಬರಿಗೂ ಸಾಕಾಗುವಷ್ಟು ಜಗಳ, ಅದಕ್ಕಿಂತ ಒಂದು ಹಿಡಿ ಜಾಸ್ತಿ ನಗು.

ಗುಡ್ಡದ ಮೇಲೆ ನಾನೂರು ವರ್ಷದ ಹಳೇ ಮಠವೊಂದಿತ್ತು. ಸನ್ಯಾಸಿಗಳ ಕಾಲ ಎಂದೋ ಮುಗಿದು ಈಗ ಅದು ಮ್ಯೂಸಿಯಂ. ಕೆಳಗಿನ ಆರು ಕೋಣೆಗಳಲ್ಲಿ ಮರದಲ್ಲಿ ಕೆತ್ತಿದ ಸಂತರು, ಕಂಚಿನ ದೀಪಗಳು, ಹುಳ ತಿಂದ ಅಂಚಿನ ಹಸ್ತಪ್ರತಿಗಳು. ಆದರೆ ದೇಶ ದೇಶದಿಂದ ಜನ ಬರುತ್ತಿದ್ದದ್ದು ಅದಕ್ಕಲ್ಲ. ಆರನೇ ಕೋಣೆಯಿಂದ ಸುರುಳಿ ಸುತ್ತುತ್ತಾ ನೂರ ಹನ್ನೆರಡು ಮೆಟ್ಟಿಲು ಹತ್ತಿದರೆ ಮೇಲೆ ಪ್ರಾರ್ಥನೆಯ ಹಜಾರ. ಆ ಹಜಾರದ ಛಾವಣಿಯ ತುಂಬ ಒಂದೇ ಚಿತ್ರ. ಆ ಮಠದ ಸಂತ ಸತ್ತ ದಿನ ಅವನನ್ನು ನೋಡಲು ಬಂದ ಜೀವಗಳು: ರಾಜರು, ಕುಷ್ಠರೋಗಿಗಳು, ಬಸುರಿಯರು, ಹಸುಗಳು, ನೀರಿನಿಂದ ತಲೆಯೆತ್ತಿದ ಮೀನುಗಳು ಕೂಡ. ಬರೆದವನು ಹನ್ನೊಂದು ವರ್ಷ ಅಂಗಾತ ಮಲಗಿ ಬರೆದನಂತೆ. ಒಂದು ಮೂಲೆಯಲ್ಲಿ ಮಾತ್ರ ಬಣ್ಣವಿಲ್ಲ, ಬರೀ ಕೆಂಪು ಗೆರೆ.

ಜನರ ಉಸಿರಿನ ತೇವಕ್ಕೆ ಬಣ್ಣ ಉದುರುತ್ತಿದೆ ಎಂದು ತಜ್ಞರು ಹೇಳಿದ ಮೇಲೆ ಕಾನೂನು ಬಿಗಿಯಾಯಿತು. ಒಳಗೆ ಒಂದು ಸಲಕ್ಕೆ ಇಪ್ಪತ್ತನಾಲ್ಕೇ ಜನ, ಹದಿನೆಂಟೇ ನಿಮಿಷ. ಪ್ರತಿ ಗುಂಪಿಗೂ ಒಂದು ಸರದಿ. ಹತ್ತು ಇಪ್ಪತ್ತು ಎಂದರೆ ಹತ್ತು ಇಪ್ಪತ್ತೇ. ಹತ್ತು ಇಪ್ಪತ್ತೊಂದಕ್ಕೆ ಗಾಜಿನ ಬಾಗಿಲು ತಂತಾನೇ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಬೇಡಿಕೊಂಡರೂ ಇಲ್ಲ, ಬೈದರೂ ಇಲ್ಲ.

ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಅನ್ನುವುದು ಅವಳ ವಿಷಯದಲ್ಲಿ ಅಕ್ಷರಶಃ ನಿಜ. ಹತ್ತೊಂಬತ್ತಕ್ಕೆ ಗೇಟಿನ ಹತ್ತಿರ ಚಿತ್ರದ ಕಾರ್ಡು ಮಾರಲು ನಿಂತವಳು, ಒಬ್ಬ ಮುದಿ ಗೈಡಿನ ಬೆನ್ನ ಹಿಂದೆ ನಿಂತು ಕೇಳಿ ಕೇಳಿಯೇ ಎಲ್ಲವನ್ನೂ ಬಾಯಿಪಾಠ ಮಾಡಿದ್ದಳು. ಒಂದು ದಿನ ಆ ಮುದುಕನ ಗಂಟಲು ಕಟ್ಟಿ ಮಾತು ನಿಂತಾಗ, ಹಿಂದಿನಿಂದ ಇವಳೇ ವಾಕ್ಯ ಮುಗಿಸಿದಳು. ಮುದುಕ ತಿರುಗಿ ನೋಡಿ, "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ? ಮುಂದಿನ ಕೋಣೆ ನೀನೇ ಹೇಳು," ಅಂದ. ಹಾಗೆ ಶುರುವಾದದ್ದು. ಪರೀಕ್ಷೆ ಕಟ್ಟಿ ಇಪ್ಪತ್ತೆಂಟಕ್ಕೆ ಲೈಸೆನ್ಸು ತೆಗೆದುಕೊಂಡಳು. ಮೊದಮೊದಲು ಐವತ್ತು ಜನರ ಮಂದೆ, ಕೈಯಲ್ಲಿ ಮೈಕು. ಆಮೇಲೆ ಸಣ್ಣ ಗುಂಪಿನ ಪ್ರವಾಸ ನಡೆಸುವ ಕಂಪನಿಯೊಂದು ಅವಳ ಹೆಸರು ಕೇಳಿ ಕರೆಸಿಕೊಂಡಿತು. ಗುಂಪಿಗೆ ಎಂಟೇ ಜನ, ಕೂಗಾಡುವ ಹಾಗಿಲ್ಲ, ಪ್ರತಿಯೊಬ್ಬರ ಕಿವಿಗೂ ಒಂದು ಸಣ್ಣ ಯಂತ್ರ, ಅವಳು ಪಿಸುಗುಟ್ಟಿದರೂ ಸಾಕು. "ನನ್ನನ್ನ ಛತ್ರಿ ಅಂತಾರೆ. ಆದ್ರೆ ಹೆದರಬೇಡಿ, ನಾನು ಆ ಥರದ ಛತ್ರಿ ಅಲ್ಲ," ಎಂದು ಅವಳು ಮೊದಲ ನಿಮಿಷದಲ್ಲೇ ನಗಿಸುತ್ತಿದ್ದಳು. ನಗಿಸಿದ ಮೇಲೆ ಜನ ಹೇಳಿದ ಹಾಗೆ ಕೇಳುತ್ತಾರೆ ಅನ್ನುವುದು ಆ ಮುದುಕ ಕಲಿಸಿದ ಪಾಠ.

ಕಂಪನಿಯ ಮ್ಯಾನೇಜರ್ ಮೂವತ್ತು ದಾಟದ ಹುಡುಗ, ನಯವಾದ ಮಾತಿನವನು. ಅವನ ಗೋಡೆಯ ಮೇಲೆ ಒಂದು ಪಟ್ಟಿ ಇರುತ್ತಿತ್ತು. ವರ್ಷಕ್ಕೆ ಮೂರು ಸರದಿ ತಪ್ಪಿಸಿದ ಗೈಡಿಗೆ ಮುಂದಿನ ವರ್ಷ ಕೆಲಸವಿಲ್ಲ. ಆ ವರ್ಷ ಅವಳ ಹೆಸರಿನ ಮುಂದೆ ಆಗಲೇ ಎರಡು ಕೆಂಪು ಗುರುತು ಬಿದ್ದಿದ್ದವು. ಒಂದು ಸಲ ಯಾರದೋ ಚಪ್ಪಲಿ ಕಿತ್ತಿತ್ತು, ಇನ್ನೊಂದು ಸಲ ಯಾರೋ ದಾರಿ ತಪ್ಪಿದ್ದರು. ಯಾರ ತಪ್ಪಾದರೇನು, ಗುರುತು ಗೈಡಿಗೇ.

ಆ ದಿನದ ಗುಂಪಿನಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು, ಅಪ್ಪ ಅಮ್ಮ ಇಬ್ಬರು ಬೆಳೆದ ಹೆಣ್ಣುಮಕ್ಕಳ ಸಂಸಾರವೊಂದು, ಕತ್ತಿನಲ್ಲಿ ಎರಡು ಕ್ಯಾಮೆರಾ ನೇತುಹಾಕಿಕೊಂಡ ಒಬ್ಬಂಟಿ ಗಂಡಸು. ಎಂಟನೆಯವರು ಎಪ್ಪತ್ತೊಂದು ವರ್ಷದ ಡ್ರಾಯಿಂಗ್ ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ಸಿಲ್ಲು, ಕಂಕುಳಲ್ಲಿ ದಾರ ಸುತ್ತಿದ ಚಿತ್ರದ ಪುಸ್ತಕ.

"ಮನೆಯವರು ಬರಲಿಲ್ವಾ ಸಾರ್?" ಎಂದು ಅವಳು ಕೇಳಿದಳು.

"ಅವಳಿಗೆ ಮಂಡಿ ನೋವು. ಲಾಡ್ಜಲ್ಲೇ ಕೂತಿದಾಳೆ. 'ನಿಮ್ಮ ಛಾವಣಿ ನಿಮಗೇ ಇರಲಿ, ನಂಗೆ ನೆಲ ಸಾಕು' ಅಂದ್ಲು."

ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುವಾಗ ಮೇಷ್ಟ್ರು ಅವಳ ಪಕ್ಕದಲ್ಲೇ ಹೆಜ್ಜೆ ಹಾಕಿದರು. ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ ಅಂಗೈಯಗಲದ ಫೋಟೋ ಹಿಡಿದುಕೊಂಡು ಮೂವತ್ತೆಂಟು ವರ್ಷ ಮಕ್ಕಳಿಗೆ ಈ ಛಾವಣಿಯ ಪಾಠ ಮಾಡಿದ್ದರಂತೆ.

"ಬಣ್ಣ ಹಚ್ಚದ ಮೂಲೆ ಇದೆಯಲ್ಲ ತಾಯಿ, ಅದು ನನ್ನ ಫೋಟೋದಲ್ಲಿ ಅರ್ಧಕ್ಕೇ ಕತ್ತರಿಸಿ ಹೋಗಿತ್ತು. ನಾನು ಬಂದಿರೋದು ಆ ಉಳಿದರ್ಧ ನೋಡೋಕೆ."

"ಎಲ್ಲರೂ ಬಣ್ಣ ನೋಡೋಕೆ ಬರ್ತಾರೆ. ನೀವು ಬಣ್ಣ ಇಲ್ಲದ್ದನ್ನ ನೋಡೋಕೆ ಬಂದಿದೀರಲ್ಲ ಸಾರ್!"

"ಬಣ್ಣ ಬಂತು ಅಂದ್ರೆ ಗೆರೆ ಮುಚ್ಚಿಹೋಯ್ತು. ಅಲ್ಲಾದ್ರೆ ಅವನ ಕೈ ಹೇಗೆ ಓಡಿತು ಅಂತ ಕಾಣುತ್ತೆ. ಎಲ್ಲಿ ಅನುಮಾನ ಬಂತು, ಎಲ್ಲಿ ಎರಡು ಸಲ ಎಳೆದ, ಎಲ್ಲಾ."

ಇಪ್ಪತ್ತಮೂರು ವರ್ಷದಲ್ಲಿ ಯಾರೂ ಅವಳಿಗೆ ಇಂಥ ಮಾತು ಹೇಳಿರಲಿಲ್ಲ. ಮೇಲೆ ಹೋದ ಮೇಲೆ ಆ ಮೂಲೆಯಲ್ಲಿ ಇವರನ್ನು ಹದಿನೆಂಟು ನಿಮಿಷವೂ ಬಿಟ್ಟುಬಿಡಬೇಕು, ತನ್ನ ಮಾತು ಇವರಿಗೆ ಬೇಡ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.

ಐದನೇ ಕೋಣೆಯಲ್ಲಿ ಸಂಸಾರದ ಕಿರಿಯ ಮಗಳು ಟಾಯ್ಲೆಟ್ಟಿಗೆ ಹೋದಳು. ಅಲ್ಲಿ ಸಾಲು. ಒಂಬತ್ತು ನಿಮಿಷ ಅಲ್ಲೇ ಹೋಯಿತು. ಹೊತ್ತು ತುಂಬಿಸಲು ಛತ್ರಿಯಕ್ಕ ಕಂಚಿನ ದೀಪವೊಂದರ ಕಥೆಯನ್ನು ಎಳೆದೆಳೆದು ಹೇಳಿದಳು, ಕಣ್ಣು ಮಾತ್ರ ಕೈಗಡಿಯಾರದ ಮೇಲೆ. ಎಲ್ಲರನ್ನೂ ಕೂಡಿಸಿಕೊಂಡು ಮೆಟ್ಟಿಲಿನ ಬುಡಕ್ಕೆ ಬಂದಾಗ ಹತ್ತು ಹನ್ನೊಂದು. ನೂರ ಹನ್ನೆರಡು ಮೆಟ್ಟಿಲಿಗೆ ಆರೇಳು ನಿಮಿಷ ಬೇಕೇ ಬೇಕು.

ಅಷ್ಟರಲ್ಲಿ ಮೇಷ್ಟ್ರು ಗೋಡೆಗೆ ಕೈ ಕೊಟ್ಟು ನಿಂತರು. ಹಣೆಯ ಮೇಲೆ ಬೆವರು.

"ಎದೆ ಸ್ವಲ್ಪ ಹಿಡಿದ ಹಾಗಾಗಿದೆ ತಾಯಿ. ಎರಡು ನಿಮಿಷ ಕೂತ್ಕೊಳ್ಲಾ?"

ಮೆಟ್ಟಿಲಿನ ಕಾವಲುಗಾರನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಅವನು ತನ್ನ ಸ್ಟೂಲಿನಿಂದ ಎದ್ದ. "ಅಕ್ಕಾ, ಲಿಫ್ಟಿನ ಕೀಲಿ ತರಿಸ್ಲಾ? ಆಫೀಸಿಂದ ಬರಬೇಕು, ಕಾಲು ಗಂಟೆ ಆಗುತ್ತೆ."

ಅವಳು ಗಡಿಯಾರ ನೋಡಿದಳು. ಹತ್ತು ಹನ್ನೆರಡು. ಗೋಡೆಯ ಮೇಲಿನ ಪಟ್ಟಿ, ಎರಡು ಕೆಂಪು ಗುರುತು, ಹಿಂದೆ ಕಾದು ನಿಂತ ಏಳು ಮುಖ. ಎಲ್ಲವೂ ಒಂದೇ ಉಸಿರಿನಲ್ಲಿ ತಲೆಯೊಳಗೆ ಹಾದುಹೋದವು.

"ಮೇಲೆ ಹೋದ್ರೆ ಒಳಗೇ ಕುರ್ಚಿ ಇದೆ ಸಾರ್, ಆರಾಮಾಗಿ ಕೂತ್ಕೊಂಡೇ ನೋಡಬಹುದು. ಇಲ್ಲಿ ಕೂತ್ರೆ ಬಾಗಿಲು ಹಾಕ್ಬಿಡ್ತಾರೆ. ನಿಧಾನಕ್ಕೆ ಹತ್ತಿ, ಏನೂ ಆಗಲ್ಲ."

"ಹಾಗೇ ಆಗಲಿ," ಅಂದರು ಮೇಷ್ಟ್ರು. "ನನ್ನೊಬ್ಬನಿಂದ ಎಲ್ಲರಿಗೂ ಯಾಕೆ ತಡ."

ಗೈಡು ಮುಂದಿರಬೇಕೆಂಬುದು ನಿಯಮ. ಅವಳು ಛತ್ರಿ ಎತ್ತಿಕೊಂಡು ಮುಂದೆ ಹೊರಟಳು, ಮೇಷ್ಟ್ರು ಕೊನೆಗೆ ಉಳಿದರು. ಸುರುಳಿ ಮೆಟ್ಟಿಲಿನಲ್ಲಿ ಹಿಂದಿನವರು ಕಾಣುವುದಿಲ್ಲ. ಅವಳಿಗೆ ಮೊದಲು ಕೇಳಿಸಿದ್ದು ಪೆನ್ಸಿಲ್ಲು ಉರುಳುವ ಸದ್ದು, ಕಲ್ಲಿನಿಂದ ಕಲ್ಲಿಗೆ ಟಕ ಟಕ ಎಂದು ಬಹಳ ಹೊತ್ತು ಇಳಿಯುತ್ತಲೇ ಹೋಯಿತು. ಆಮೇಲೆ ಹೊಸ ಮದುಮಗಳ ಚೀರಾಟ.

ತೊಂಬತ್ತಮೂರನೇ ಮೆಟ್ಟಿಲಿನ ಮೇಲೆ ಮೇಷ್ಟ್ರು ಗೋಡೆಗೊರಗಿ ಕುಸಿದಿದ್ದರು. ಬಾಯಿ ಅರ್ಧ ತೆರೆದಿತ್ತು. ಅವಳು ಕೂಗಿದಳು, ಮೇಲಿನಿಂದ ಪ್ರಥಮ ಚಿಕಿತ್ಸೆಯವರು ಇಬ್ಬರು ಓಡಿ ಬಂದರು, ಎದೆ ಒತ್ತಿದರು, ಮುಖಕ್ಕೆ ಆಮ್ಲಜನಕದ ಮಾಸ್ಕು ಹಾಕಿದರು, ಸ್ಟ್ರೆಚರಿಗೆ ಎತ್ತಿದರು. ಲಿಫ್ಟು ಇದ್ದದ್ದು ಮೇಲಿನ ಅಂತಸ್ತಿನ ಆ ತುದಿಯಲ್ಲಿ, ಅದರ ಇನ್ನೊಂದು ಕೀಲಿ ಅವರ ಬಳಿಯೇ ಇತ್ತು. ಹಾಗಾಗಿ ಮೇಷ್ಟ್ರನ್ನು ಉಳಿದ ಹತ್ತೊಂಬತ್ತು ಮೆಟ್ಟಿಲು ಹೊತ್ತೇ ಹತ್ತಿಸಿ, ಹಜಾರದ ಗಾಜಿನ ಬಾಗಿಲಿನ ಪಕ್ಕದಿಂದಲೇ ಸಾಗಿಸಿದರು. ಅವಳು ಜೊತೆಗೆ ಓಡಲು ಹೊರಟವಳು, ಫೋನು ತೆಗೆದು ಮ್ಯಾನೇಜರನಿಗೆ ಹೇಳಿದಳು.

"ಅಯ್ಯೋ," ಅಂದ ಮ್ಯಾನೇಜರ್. "ಆಂಬುಲೆನ್ಸ್ ನಾನು ನೋಡ್ಕೋತೀನಿ ಮೇಡಂ. ನಮ್ಮವರನ್ನ ಆಸ್ಪತ್ರೆಗೆ ಕಳಿಸ್ತೀನಿ. ಈಗ ಟೈಮೆಷ್ಟು?"

"ಹತ್ತು ಇಪ್ಪತ್ತು."

"ಉಳಿದ ಏಳು ಜನ ಏನು ಪಾಪ ಮಾಡಿದಾರೆ ಹೇಳಿ? ನೀವು ಆಸ್ಪತ್ರೆಗೆ ಹೋಗಿ ಮಾಡೋದೇನಿದೆ? ಒಳಗೆ ಕರ್ಕೊಂಡು ಹೋಗಿ."

ಮದುಮಗಳು ಗಂಡನ ತೋಳಿಗೆ ಮುಖ ಒತ್ತಿಕೊಂಡಿದ್ದಳು. ಕ್ಯಾಮೆರಾದವನು ಮೆಲ್ಲಗೆ, "ನಮ್ಮ ಸರದಿ ಹೋಯ್ತಾ ಹಾಗಾದ್ರೆ?" ಎಂದು ಕೇಳಿದ. ಅವಳು ಛತ್ರಿ ಎತ್ತಿದಳು.

ಒಳಗೆ ಅವಳ ನಾಲಿಗೆ ತನ್ನ ಪಾಡಿಗೆ ತಾನು ಓಡುತ್ತಿತ್ತು. ಇಲ್ಲಿ ನೋಡಿ, ರಾಜನ ಕಿರೀಟ ನೆಲದ ಮೇಲಿದೆ. ಇಲ್ಲಿ ನೋಡಿ, ಮೀನಿನ ಕಣ್ಣಲ್ಲೂ ನೀರಿದೆ. ಹೇಳುತ್ತಾ ಹೇಳುತ್ತಾ ಬಣ್ಣವಿಲ್ಲದ ಮೂಲೆಗೆ ಬಂದಳು. ಅಲ್ಲಿ ಯಾವಾಗಲೂ ಹೇಳುವ ಒಂದು ತಮಾಷೆಯಿತ್ತು. ಬೇಡ ಅಂದುಕೊಳ್ಳುವಷ್ಟರಲ್ಲಿ ಅದು ಬಾಯಿಂದ ಹೊರಗೆ ಬಂದೇಬಿಟ್ಟಿತ್ತು: "ಹನ್ನೊಂದು ವರ್ಷ ಮೇಲೆ ಮಲಗಿದ್ದವನು ಇದೊಂದು ಮೂಲೆ ಯಾಕೆ ಬಿಟ್ಟ ಗೊತ್ತಾ? ಕೆಳಗಿಂದ ಹೆಂಡತಿ ಊಟಕ್ಕೆ ಕರೆದಳು. ಆ ಕರೆಗೆ ಸಂತರೇ ಇಳಿದು ಬರ್ತಾರೆ, ಇವನ್ಯಾವ ಲೆಕ್ಕ!"

ಮದುಮಗ ಫಕ್ಕನೆ ನಕ್ಕ. ಆಮೇಲೆ ಸಂಸಾರದ ಅಪ್ಪ. ಆಮೇಲೆ ಎಲ್ಲರೂ, ಬಿಗಿಹಿಡಿದ ಉಸಿರು ಬಿಟ್ಟವರ ಹಾಗೆ, ತುಸು ಜಾಸ್ತಿಯೇ ನಕ್ಕರು. ಅಭ್ಯಾಸಬಲ, ಅವಳ ತುಟಿಯೂ ಅರಳಿತು.

ಹತ್ತು ಮೂವತ್ತೆಂಟಕ್ಕೆ ಹೊರಗೆ ಬಂದಾಗ ಫೋನಿನಲ್ಲಿ ಸಂದೇಶವಿತ್ತು. ಮೇಷ್ಟ್ರು ದಾರಿಯಲ್ಲೇ ಹೋಗಿಬಿಟ್ಟಿದ್ದರು.

ಮಧ್ಯಾಹ್ನ ಮ್ಯಾನೇಜರ್ ಅವಳನ್ನು ಕೂರಿಸಿ ನೀರು ಕೊಟ್ಟ, ಬಾಗಿಲು ಹಾಕಿದ. ಟೈಪು ಮಾಡಿದ ಒಂದು ಹಾಳೆಯನ್ನು ಮುಂದಿಟ್ಟ. "ಸದರಿ ಪ್ರವಾಸಿಯು ತಮ್ಮ ಅನಾರೋಗ್ಯದ ಬಗ್ಗೆ ಯಾವುದೇ ಹಂತದಲ್ಲಿ ಮಾರ್ಗದರ್ಶಕರಿಗೆ ತಿಳಿಸಿರುವುದಿಲ್ಲ" ಎಂದಿತ್ತು.

"ಅವರು..." ಎಂದು ಅವಳು ಬಾಯಿ ತೆರೆದಳು.

"ಮೇಡಂ, ನೀವು ಹೇಳಿದ್ದನ್ನ ನಾನು ಕೇಳಿಸಿಕೊಂಡ್ರೆ ಆಮೇಲೆ ಕೇಳಿಸಿಕೊಂಡಿಲ್ಲ ಅನ್ನೋಕಾಗಲ್ಲ. ಅದಕ್ಕೇ ಮೊದಲು ಓದಿ ಅಂತಿದೀನಿ. ಹೋದವರು ವಾಪಸ್ ಬರ್ತಾರಾ? ಮುಂದಿನ ತಿಂಗಳು ನಿಮ್ಮ ಲೈಸೆನ್ಸ್ ನವೀಕರಣ ಬೇರೆ ಇದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಉಳಿಸಿಕೊಂಡ ಮಾತು ಏನಾಗುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಸಹಿ ಹಾಕಿದಳು. ಮೀಸೆಯನ್ನೂ ಕರೆಸಿ ಸಹಿ ಹಾಕಿಸಿದರು. ಹೊರಗೆ ಎದುರಾದಾಗ ಅವನು, "ನಾನೇನೂ ಕೇಳಿಲ್ಲ ಅಕ್ಕ, ನನ್ನ ಕಿವಿ ಮೊದಲೇ ಅಷ್ಟಕ್ಕಷ್ಟೆ," ಎಂದು ನೆಲ ನೋಡುತ್ತಾ ಹೇಳಿ ಹೋದ.

ಮನೆಯಲ್ಲಿ ಗಂಡ ಕೇಳಿದ. "ಎದೆನೋವು ಅಂತ ಮೊದಲೇ ಏನೂ ಹೇಳಿರಲಿಲ್ವೇನೇ ಪಾಪ?"

"ಇಲ್ಲರೀ."

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಮತ್ತೆ ಕೇಳಲಿಲ್ಲ.

ಆ ವಾರದ ಕೊನೆಗೆ ಮದುಮಗಳು ಕಂಪನಿಯ ಪುಟದಲ್ಲಿ ಐದು ನಕ್ಷತ್ರ ಕೊಟ್ಟು ಬರೆದಿದ್ದಳು: ನಡುವೆ ಒಂದು ದುಃಖದ ಘಟನೆ ನಡೆದರೂ ನಮ್ಮ ಗೈಡ್ ಪ್ರವಾಸ ನಿಲ್ಲಿಸಲಿಲ್ಲ, ನಮ್ಮ ಮನಸ್ಸು ಹಗುರ ಮಾಡಿದರು. ಮ್ಯಾನೇಜರ್ ಅದನ್ನು ಎಲ್ಲ ಗೈಡುಗಳ ಮುಂದೆ ಓದಿ ಚಪ್ಪಾಳೆ ತಟ್ಟಿಸಿದ. ಚಪ್ಪಾಳೆ ನಿಲ್ಲುವ ಮೊದಲೇ ಅವಳು ಎದ್ದು ಹಿತ್ತಿಲಿಗೆ ಹೋದಳು.

ಕೆಲಸಕ್ಕೆ ಹೋಗುತ್ತಲೇ ಇದ್ದಳು. ಆದರೆ ಅವಳ ಮಾತಿನಲ್ಲಿ ತೂತು ಬೀಳತೊಡಗಿತು. ಇಪ್ಪತ್ತಮೂರು ವರ್ಷ ನೀರು ಕುಡಿದಂತೆ ಹೇಳಿದ ವಾಕ್ಯಗಳು ನಡುವೆಯೇ ನಿಂತುಬಿಡುತ್ತಿದ್ದವು. ಮೆಟ್ಟಿಲು ಹತ್ತುವಾಗ ಮನಸ್ಸಿನೊಳಗೆ ತಾನಾಗಿಯೇ ಎಣಿಕೆ ಶುರುವಾಗಿ ತೊಂಬತ್ತಮೂರಕ್ಕೆ ಕಾಲು ತಡೆಯುತ್ತಿತ್ತು. ಹಿಂದಿನವರು ಮುಗ್ಗರಿಸಿ, "ಏನಾಯ್ತು ಮೇಡಂ?" ಅನ್ನುತ್ತಿದ್ದರು. ಬಣ್ಣವಿಲ್ಲದ ಮೂಲೆಯನ್ನು ತೋರಿಸುವುದನ್ನೇ ಬಿಟ್ಟಳು.

ಇಪ್ಪತ್ತು ದಿನ ಕಳೆದ ಮೇಲೆ ಮೇಷ್ಟ್ರ ಹೆಂಡತಿ ಬಂದರು. ಮೆಟ್ಟಿಲಿನ ಮೇಲೆ ಉಳಿದುಹೋಗಿದ್ದ ಚಿತ್ರದ ಪುಸ್ತಕ ಕಂಪನಿಯ ಆಫೀಸಿನಲ್ಲಿತ್ತು, ಅದನ್ನು ತೆಗೆದುಕೊಂಡು ಹೋಗಲು. ಕುಳ್ಳಗಿನ ಹೆಂಗಸು, ಕೈಯಲ್ಲಿ ಕೋಲು. ಗೈಡನ್ನು ಒಂದು ಸಲ ನೋಡಬೇಕು ಅಂದರಂತೆ. ಮ್ಯಾನೇಜರ್ ಊರಿನಲ್ಲಿರಲಿಲ್ಲ. ಗುಮಾಸ್ತೆ ಹುಡುಗಿ ಛತ್ರಿಯಕ್ಕನನ್ನು ಕರೆದು ಕೂರಿಸಿ ತನ್ನ ಕೆಲಸಕ್ಕೆ ಹೋದಳು. ಗೋಡೆಯ ತುಂಬ ನಗುವ ಪ್ರವಾಸಿಗರ ಫೋಟೋ, ಎರಡು ಪ್ಲಾಸ್ಟಿಕ್ ಕುರ್ಚಿ, ನಡುವೆ ಟೀಪಾಯಿ.

"ನಿಮಗೆ ತೊಂದರೆ ಕೊಟ್ರು ನಮ್ಮವರು," ಎಂದು ಶುರು ಮಾಡಿದರು ಆ ತಾಯಿ. "ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ. ನಂಗೆ ಸಿಟ್ಟು ಇರೋದು ಅವರ ಮೇಲೆ."

"ಅಮ್ಮಾ..."

"ಇಲ್ಲ, ಕೇಳಿ. ನಲವತ್ತಾರು ವರ್ಷ ಸಂಸಾರ ಮಾಡಿದೀನಿ. ಏನಾದ್ರೂ ಬಾಯಿ ಬಿಡಬೇಕಲ್ಲ ಆ ಮನುಷ್ಯ? ಹಲ್ಲುನೋವಿದ್ರೂ ಹೇಳ್ತಿರಲಿಲ್ಲ. ಪೋಲೀಸಿನವರು ಕಾಗದ ಓದಿ ಹೇಳಿದ್ರು, ಯಾರಿಗೂ ಏನೂ ತಿಳಿಸಿಲ್ಲ ಅಂತ. 'ಎದೆ ನೋಯ್ತಿದೆ' ಅಂತ ಎರಡು ಪದ ಹೇಳೋಕೆ ಏನಾಗಿತ್ತು? ಹಟ! ಛಾವಣಿ ನೋಡೋ ಹಟ! ನಾನು ಮಗನಿಗೂ ಹೇಳಿದೀನಿ, ನಿಮ್ಮಪ್ಪ ನಮ್ಮನ್ನೆಲ್ಲ ಬಿಟ್ಟು ತನ್ನ ಹಟ ಉಳಿಸಿಕೊಂಡ್ರು ಅಂತ. ಅವರ ಫೋಟೋನೂ ಬೀರುವಿನ ಒಳಗಿಟ್ಟಿದೀನಿ. ನೋಡಿದ್ರೆ ಮೈ ಉರಿಯುತ್ತೆ."

ತಾನು ಸಹಿ ಹಾಕಿದ ಆ ಒಂದು ಸಾಲು ಕಂಪನಿಯನ್ನೂ ತನ್ನನ್ನೂ ಉಳಿಸಿತು ಅಂದುಕೊಂಡಿದ್ದಳು. ಅದು ಸತ್ತವರ ಮನೆಯೊಳಗೇ ಹೊಕ್ಕು ಇಂಥ ಕೆಲಸ ಮಾಡುತ್ತಿದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ಹೇಳಿದ್ರು," ಅಂದಳು.

"ಏನು?"

"ಹೇಳಿದ್ರು ಅಮ್ಮ. ನನಗೆ ಹೇಳಿದ್ರು. ಎದೆ ಹಿಡಿದ ಹಾಗಾಗಿದೆ, ಎರಡು ನಿಮಿಷ ಕೂತ್ಕೊಳ್ಲಾ ಅಂತ ಕೇಳಿದ್ರು. ಲಿಫ್ಟಿನ ಕೀಲಿ ತರಿಸ್ತೀನಿ ಅಂತ ಕಾವಲಿನವನೂ ಅಂದ. ನಾನೇ ಬೇಡ ಅಂದೆ. ಸರದಿ ತಪ್ಪುತ್ತೆ ಅಂತ. ಮೇಲೆ ಹೋಗಿ ಕೂತ್ಕೊಳ್ಳಿ ಅಂದೆ."

ಆ ತಾಯಿ ಕೋಲನ್ನು ಟೀಪಾಯಿಗೆ ಒರಗಿಸಿಟ್ಟರು. ಹೊರಗೆ ಯಾರೋ ಟಿಕೆಟ್ಟು ಕೇಳುತ್ತಿದ್ದರು.

"ಎಷ್ಟು ನಿಮಿಷ ಅಂದ್ರಿ?"

"ಎರಡು."

"ಆಮೇಲೆ ಅವರೇನಂದ್ರು?"

"ನನ್ನೊಬ್ಬನಿಂದ ಎಲ್ಲರಿಗೂ ಯಾಕೆ ತಡ ಅಂದ್ರು."

"ಹೌದು. ಹಾಗೇ ಅಂತಾರೆ." ಅವರು ಚಿತ್ರದ ಪುಸ್ತಕದ ದಾರ ಎಳೆದು ಬಿಗಿದರು. "ಅವರು ಬಿದ್ದ ಜಾಗದಿಂದ ಆ ಚಿತ್ರ ಕಾಣಿಸ್ತಿತ್ತಾ?"

ಕಾಣಿಸುತ್ತಿತ್ತು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು.

"ಇಲ್ಲ ಅಮ್ಮ. ಇನ್ನೂ ಹತ್ತೊಂಬತ್ತು ಮೆಟ್ಟಿಲಿತ್ತು."

ಮೇಷ್ಟ್ರ ಹೆಂಡತಿ ಚಿತ್ರದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಕೋಲೂರಿ ಎದ್ದರು. ಅವಳು ಕೈ ಹಿಡಿಯಲು ಹೋದಳು, ಅವರು ಕೈ ಎಳೆದುಕೊಂಡರು. ಬಾಗಿಲಿನ ಹತ್ತಿರ ತಿರುಗಿ, "ಹೇಳಿ ಒಳ್ಳೇದು ಮಾಡಿದ್ರಿ ಅಂತ ನನ್ನ ಬಾಯಿಂದ ಬರುತ್ತೆ ಅಂದುಕೋಬೇಡಿ. ಬರಲ್ಲ," ಅಂದರು. ಮೆಟ್ಟಿಲಿಳಿಯುವಾಗ ಅವರ ಮಂಡಿ ಲಟಲಟ ಅಂದದ್ದು ಒಳಗಿನ ತನಕ ಕೇಳಿಸಿತು.

ಅವತ್ತು ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಸೊಪ್ಪು ಬಿಡಿಸುತ್ತಿದ್ದವನು ಕೈ ನಿಲ್ಲಿಸಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು," ಅಂದ.

"ಹೇಗೆ ಗೊತ್ತು?"

"ಮೂವತ್ತು ವರ್ಷ ಬಸ್ಸು ಓಡಿಸಿದವನಲ್ವೇನೇ ನಾನು? ಟೈಮ್ ಕೀಪರಿಗೆ ಹೆದರಿ, ಮುದುಕರು ಮೆಟ್ಟಿಲ ಮೇಲಿರೋವಾಗಲೇ ಎಷ್ಟು ಸಲ ಗಾಡಿ ಎತ್ತಿದೀನೋ. ನನ್ನ ಅದೃಷ್ಟ, ಯಾರೂ ಸಾಯಲಿಲ್ಲ. ನಿಂದು ದುರದೃಷ್ಟ. ಅಷ್ಟೇ ವ್ಯತ್ಯಾಸ." ಆಮೇಲೆ, "ನನಗಾದ್ರೂ ಹೇಳಬಹುದಿತ್ತು," ಅಂದ. ಅದೊಂದು ಮಾತಿನಲ್ಲೇ ಅವನ ದನಿ ಒಡೆದದ್ದು.

ಮಾರನೆಯ ದಿನ ಅವಳು ಕೈಯಾರೆ ಎರಡು ಪುಟ ಬರೆದು ಠಾಣೆಗೂ ಮ್ಯೂಸಿಯಂ ಕಚೇರಿಗೂ ಕೊಟ್ಟಳು. ಮ್ಯಾನೇಜರ್ ವಾಪಸು ಬಂದವನು ಕೂಗಾಡಲಿಲ್ಲ. "ನೀವು ಒಬ್ಬರೇ ಸತ್ಯವಂತರು ಅಂದುಕೊಂಡ್ರಾ ಮೇಡಂ? ಈ ಸತ್ಯ ನಿಮ್ಮೊಬ್ಬರನ್ನೇ ತಿನ್ನುತ್ತೆ, ನೋಡ್ತಾ ಇರಿ," ಎಂದಷ್ಟೇ ಹೇಳಿ ಅವಳ ಗುರುತಿನ ಚೀಟಿ ಇಸಕೊಂಡ.

ಅವನು ಹೇಳಿದ ಹಾಗೆಯೇ ಆಯಿತು. ವಿಚಾರಣೆ ಐದು ತಿಂಗಳು ನಡೆಯಿತು. ಪ್ರವಾಸಿಗರ ಆರೋಗ್ಯ ನೋಡಿಕೊಳ್ಳಬೇಕೆಂದು ಪ್ರತಿ ಗೈಡಿಗೂ ಲಿಖಿತ ಸೂಚನೆ ಇದೆ ಎಂದು ಕಂಪನಿ ಕಾಗದ ತೋರಿಸಿತು. ಗೋಡೆಯ ಮೇಲಿನ ಪಟ್ಟಿ ಅಷ್ಟರಲ್ಲಿ ಮಾಯವಾಗಿತ್ತು. ಪ್ರವಾಸಿಗರು ಏಳೂ ಜನ ತಮ್ಮ ತಮ್ಮ ಊರಿಗೆ ಹೋಗಿಯಾಗಿತ್ತು, ಅವರನ್ನು ಯಾರೂ ಕರೆಸಲಿಲ್ಲ. ಮೀಸೆ ತಾನೇನೂ ಕೇಳಿಸಿಕೊಂಡಿಲ್ಲವೆಂದೇ ಹೇಳಿದ. ಅವನಿಗೆ ಮದುವೆಗೆ ಬಂದ ಮಗಳಿದ್ದಳು, ಛತ್ರಿಯಕ್ಕ ಅವನನ್ನು ದೂರಲಿಲ್ಲ. ಮೊದಲೊಂದು, ಆಮೇಲೊಂದು ಹೇಳಿಕೆ ಕೊಟ್ಟವಳ ಯಾವ ಮಾತನ್ನು ನಂಬುವುದು ಎಂದು ಅಧಿಕಾರಿ ಕೇಳಿದ. ಫೋನಿನಲ್ಲಿ ಮ್ಯಾನೇಜರ್ ಹೇಳಿದ್ದಕ್ಕೆ ಸಾಕ್ಷಿಯಿರಲಿಲ್ಲ. ಕೊನೆಗೆ ತಪ್ಪೆಲ್ಲ ಮಾರ್ಗದರ್ಶಕಿಯ ವೈಯಕ್ತಿಕ ನಿರ್ಲಕ್ಷ್ಯ ಎಂದಾಗಿ ಅವಳ ಲೈಸೆನ್ಸು ರದ್ದಾಯಿತು. ಕಂಪನಿ ಗುಂಪಿಗೆ ಎಂಟರ ಬದಲು ಹತ್ತು ಜನ ಮಾಡಿಕೊಂಡು ಸುಖವಾಗಿದೆ.

ಬೀದಿಯ ಜನ ಮೊದಮೊದಲು ಅಯ್ಯೋ ಪಾಪ ಅಂದರು. ಆಮೇಲೆ, "ಹೆಸರಿಗೆ ತಕ್ಕ ಹಾಗೆ ಛತ್ರಿ ಕೆಲಸ ಮಾಡಿದ್ಲು" ಅಂದವರೂ ಇದ್ದರು. ನೀರಿನ ಬಾಟಲಿಯವಳು ಮಾತ್ರ ಎರಡು ಸಲ ಮನೆಗೆ ಬಂದು ಕೂತು ಹೋದಳು. ಏನು ಮಾತಾಡಬೇಕೆಂದು ತಿಳಿಯದೆ ಮೂರನೇ ಸಲ ಬರಲಿಲ್ಲ.

ಈಗ ಅವಳಿಗೆ ಐವತ್ತಮೂರು. ಊರಿನ ಆಚೆ ಬದಿಯ ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆಯ ಕೋಣೆಯಲ್ಲಿ ಕೆಲಸ. ಒಗೆದು ಬಂದ ಹಾಸಿಗೆ ಚಾದರಗಳನ್ನು ಇಬ್ಬರು ಹೆಂಗಸರು ಎದುರುಬದುರು ನಿಂತು ಮೂಲೆಗೆ ಮೂಲೆ ಕೂಡಿಸಿ ಮಡಚಬೇಕು. ಕಲೆ ಹೋಗದ್ದನ್ನು ಬೇರೆ ತೆಗೆದಿಡಬೇಕು. ನೆಲಮಾಳಿಗೆಯ ಕೋಣೆ, ಕಿಟಕಿಯಿಲ್ಲ, ಯಂತ್ರಗಳ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಅವಳ ಎದುರು ನಿಲ್ಲುವವಳಿಗೆ ಅವಳು ಹುಟ್ಟಾ ಮಾತು ಕಡಿಮೆಯವಳು ಎಂದೇ ನಂಬಿಕೆ. ನಿದ್ದೆ ಸರಿಯಾಗಿ ಬರುವುದಿಲ್ಲ. ಯಾರದಾದರೂ ಎರಡನೇ ಮಹಡಿಯ ಮನೆಗೆ ಹೋಗಬೇಕೆಂದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾಳೆ.

ಕಳೆದ ತಿಂಗಳು ಊಟದ ಬಿಡುವಿನಲ್ಲಿ ಅವಳಿಗೊಂದು ಫೋನು ಬಂತು. ಮೇಷ್ಟ್ರ ಮಗ. ಅಪ್ಪನ ಪಿಂಚಣಿಯ ಯಾವುದೋ ಕಡತಕ್ಕೆ ಅವಳು ಬರೆದುಕೊಟ್ಟ ಹೇಳಿಕೆಯ ಪ್ರತಿ ಬೇಕಿತ್ತು. ಕಳಿಸುತ್ತೇನೆ ಅಂದಳು. ವಿಳಾಸ ಬರೆದುಕೊಂಡಳು. ಅವನು ಫೋನು ಇಡಲಿಲ್ಲ.

"ಅಮ್ಮನಿಗೆ ನಾನು ಫೋನ್ ಮಾಡಿದ್ದು ಗೊತ್ತಿಲ್ಲ," ಅಂದ. "ಅಪ್ಪನ ಫೋಟೋನ ಬೀರುವಿಂದ ಹೊರಗೆ ತೆಗೆದು ಮತ್ತೆ ಗೋಡೆಗೆ ಹಾಕಿದಾರೆ. ಅಪ್ಪನ್ನ ಬೈಯೋದು ಬಿಟ್ಟಿದಾರೆ."

"ಹೌದಾ," ಅಂದಳು ಅವಳು.

"ಈಗ ನಿಮ್ಮನ್ನ ಬೈತಾರೆ. ದಿನಾ. ಬೆಳಿಗ್ಗೆ ಎದ್ದ ತಕ್ಷಣ ಶುರು."

ಪಕ್ಕದಲ್ಲಿ ಒಗೆದ ಬಟ್ಟೆಯ ಗಾಡಿ ಬಂದು ನಿಂತಿತ್ತು, ಜೊತೆಯವಳು ಒಂದು ಚಾದರದ ಎರಡು ತುದಿ ಹಿಡಿದು ಕಾಯುತ್ತಿದ್ದಳು.

"ಬೈಯಲಿ," ಅಂದಳು. ಫೋನು ಇಟ್ಟು, ಕೈ ಒರೆಸಿಕೊಂಡು, ಚಾದರದ ಉಳಿದೆರಡು ತುದಿ ಹಿಡಿದಳು.